ಬ್ರಾಡ್ಮನ್ ಸಿಗದಿದ್ದರೆ ಯಾರನ್ನು ಎತ್ತಬೇಕು? ಸಿಮ್ಯುಲೇಷನ್ ಲೀಗಿಗೆ ಟೆಸ್ಟ್ ತಂಡ ಕಟ್ಟುವ ಸಮಗ್ರ ಮಾರ್ಗದರ್ಶಿ

ಸ್ಕೂಲಿನಲ್ಲಿ ಬುಕ್ ಕ್ರಿಕೆಟ್ ಆಡಿದ್ದು ನೆನಪಿದೆ ಅಲ್ವಾ? ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ಕೂಡಲೇ ಸಮಾಜದ ಪುಸ್ತಕ ಫಟ್ ಅಂತ ತೆರೆಯುವುದು, ಎಡಗಡೆ ಪುಟದ ಕೊನೆಯ ಅಂಕಿ ನೋಡುವುದು. 4 ಬಂದರೆ ಬೌಂಡರಿ, 6 ಬಂದರೆ ಸಿಕ್ಸರ್, 0 ಬಂದರೆ ಔಟ್. ಎಡಪುಟದಲ್ಲಿ ಸಮಸಂಖ್ಯೆ ಮಾತ್ರ ಬರುತ್ತದೆ. ಹಾಗಾಗಿ ಐದು ಸಲಕ್ಕೆ ಒಂದು ಸಲ ಔಟ್. ದೊಡ್ಡ ಬ್ಯಾಟರ್ ಗವಾಸ್ಕರ್ ಹೆಸರಿನಲ್ಲಿ ತೆರೆದರೂ ಅಷ್ಟೇ, ಬ್ಯಾಟಿಂಗ್ ಬಾರದ ಬೌಲರ್ ಚಂದ್ರಶೇಖರ್ ಹೆಸರಿನಲ್ಲಿ ತೆರೆದರೂ ಅಷ್ಟೇ.

ಕಂಪ್ಯೂಟರ್ ಸಿಮ್ಯುಲೇಟರ್, ಅಂದರೆ ಆಟಗಾರರ ದಾಖಲೆಯ ಅಂಕಿಗಳಿಂದ ಕಾಲ್ಪನಿಕ ಪಂದ್ಯ ಆಡಿಸುವ ಪ್ರೋಗ್ರಾಂ, ಮಾಡುವುದೂ ಇದನ್ನೇ. ಆದರೆ ಅಲ್ಲಿ ಪ್ರತಿ ಆಟಗಾರನಿಗೂ ಅವನದೇ ಪುಸ್ತಕ ಇರುತ್ತದೆ. ರಾಹುಲ್ ದ್ರಾವಿಡ್ ಪುಸ್ತಕದಲ್ಲಿ ಸುಮಾರು 123 ಪುಟಕ್ಕೆ ಒಂದು ಸೊನ್ನೆ. ವೀರೇಂದ್ರ ಸೆಹ್ವಾಗ್ ಪುಸ್ತಕದಲ್ಲಿ 60 ಪುಟಕ್ಕೆ ಒಂದು ಸೊನ್ನೆ, ಆದರೆ ಫೋರ್ ಇರುವ ಪುಟ ಜಾಸ್ತಿ. ಪ್ರತಿ ಬಾಲಿಗೂ ಕಂಪ್ಯೂಟರ್ ಒಂದು ಪುಟ ತೆರೆಯುತ್ತದೆ. ತಂಡ ಆರಿಸುವುದು ಎಂದರೆ ಒಳ್ಳೆಯ ಪುಸ್ತಕಗಳನ್ನು ಆರಿಸುವುದು. ಮುಖಪುಟದಲ್ಲಿ ಯಾರ ಫೋಟೋ ಇದೆ ಅಂತ ಯಂತ್ರ ನೋಡುವುದಿಲ್ಲ.

ನಾನು ಇಲ್ಲಿ ಹೇಳುವುದು ಒಂದು ನಿರ್ದಿಷ್ಟ ಬಗೆಯ ಲೀಗಿನ ಬಗ್ಗೆ. ನಾವು ಎಂಟು ಜನ ಹಳೆಯ ಹಾಸ್ಟೆಲ್ ಗೆಳೆಯರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಒಬ್ಬ ದುಬೈ, ಇನ್ನೊಬ್ಬ ನ್ಯೂ ಜೆರ್ಸಿ. ಟೆಸ್ಟ್ ಕ್ರಿಕೆಟ್ಟಿನ ಇಡೀ ಇತಿಹಾಸದಿಂದ ಯಾರನ್ನು ಬೇಕಾದರೂ ಆರಿಸಬಹುದು. ಸರದಿ ಪ್ರಕಾರ ಸುತ್ತಿಗೊಬ್ಬರನ್ನು ಎತ್ತಬೇಕು (ಇದಕ್ಕೇ ಡ್ರಾಫ್ಟ್ ಅನ್ನುವುದು), ಒಬ್ಬರು ಎತ್ತಿದ ಆಟಗಾರ ಇನ್ನೊಬ್ಬರಿಗಿಲ್ಲ. ತಂಡಕ್ಕೆ 12 ಜನ, ಪ್ರತಿ ಎದುರಾಳಿಯ ಜೊತೆ ಎರಡು ಟೆಸ್ಟ್, ಒಟ್ಟು 14 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ದುಡ್ಡಿನ ಮಾತೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿದೆ, ಅದು ಗೊತ್ತಿರಲಿ. ನಮ್ಮಲ್ಲಿ ಕೊನೆಯ ಸ್ಥಾನದವನು ಎಲ್ಲರೂ ಸೇರಿದಾಗ ಮಸಾಲೆ ದೋಸೆ ಕೊಡಿಸಬೇಕು. ನಾನು ಮೊದಲ ಎರಡು ಸೀಸನ್ ಕೊಡಿಸಿದ್ದೇನೆ. ಈ ಪಾಠಗಳೆಲ್ಲ ಆ ದೋಸೆಗಳಿಂದಲೇ ಬಂದವು.

ಹೆಜ್ಜೆ 1: ಆಟಗಾರರ ಪಟ್ಟಿ ಮುಟ್ಟುವ ಮುಂಚೆ ಯಂತ್ರವನ್ನು ಅರ್ಥ ಮಾಡಿಕೊಳ್ಳಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಸಚಿನ್, ಲಾರಾ, ವಾರ್ನ್ ಅಂತ ಬರೆದುಕೊಂಡು ಬಂದುಬಿಡುತ್ತಾರೆ. ಲೀಗ್ ನಡೆಸುವವರನ್ನು ಮೊದಲು ಈ ಪ್ರಶ್ನೆಗಳನ್ನು ಕೇಳಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಬ್ಯಾಟಿಂಗಿಗೆ ಯಂತ್ರ ಯಾವ ಅಂಕಿ ಓದುತ್ತದೆ? ಸರಾಸರಿ (ಒಂದು ಸಲ ಔಟಾಗುವಷ್ಟರಲ್ಲಿ ಹೊಡೆಯುವ ರನ್) ಮಾತ್ರವೇ, ಅಥವಾ ಸ್ಟ್ರೈಕ್ ರೇಟ್ (100 ಬಾಲಿಗೆ ಹೊಡೆಯುವ ರನ್) ಕೂಡ ಓದುತ್ತದೆಯೇ? ಹಳೆಯ ಆಟಗಾರರು ಎಷ್ಟು ಬಾಲು ಎದುರಿಸಿದರು ಅನ್ನುವ ಪೂರ್ತಿ ಲೆಕ್ಕ ಸಿಗುವುದಿಲ್ಲ. ಜಾಕ್ ಹಾಬ್ಸ್, ಜಾರ್ಜ್ ಹೆಡ್ಲಿ ಅಂಥವರಿಗೆ ಯಂತ್ರ ಏನು ತುಂಬಿದೆ? ಕೆಲವು ಕಡೆ ಎಲ್ಲರಿಗೂ ಒಂದೇ ಅಂದಾಜು ಅಂಕಿ ಹಾಕಿರುತ್ತಾರೆ.

ಕಾಲಕ್ಕೆ ತಕ್ಕಂತೆ ಅಂಕಿ ಸರಿಪಡಿಸಿದ್ದಾರೆಯೇ? ಇದು ಬಹಳ ಮುಖ್ಯ, ಮುಂದೆ ಹೇಳುತ್ತೇನೆ. ಮಧ್ಯಮ ಕ್ರಮಾಂಕದವನನ್ನು ಓಪನಿಂಗ್ ಇಳಿಸಿದರೆ ದಂಡ ಇದೆಯೇ? ಕೀಪರ್‌ಗೆ ಕೀಪಿಂಗ್ ಮಾಡಿದ ಪಂದ್ಯಗಳ ಸರಾಸರಿಯೋ, ಇಡೀ ವೃತ್ತಿಜೀವನದ ಸರಾಸರಿಯೋ? ಬೌಲರ್ ಸುಸ್ತಾಗುತ್ತಾನೆಯೇ? ಫೀಲ್ಡಿಂಗ್ ಲೆಕ್ಕಕ್ಕೆ ಬರುತ್ತದೆಯೇ? ಬರುವುದಾದರೆ ದ್ರಾವಿಡ್ ಬೆಲೆ ಒಂದು ಮೆಟ್ಟಿಲು ಏರುತ್ತದೆ. 2025ರಲ್ಲಿ ಜೋ ರೂಟ್ ಮುಂದೆ ಹೋಗುವ ತನಕ, ಕೀಪರ್ ಅಲ್ಲದವರ ಪೈಕಿ ಟೆಸ್ಟಿನಲ್ಲಿ 210 ಕ್ಯಾಚ್‌ಗಳ ದಾಖಲೆ ಅವರದೇ ಇತ್ತು. ಆದರೆ ನಾನು ಕಂಡ ಹೆಚ್ಚಿನ ಸಿಮ್ಯುಲೇಟರ್‌ಗಳಿಗೆ ಕೀಪರ್ ಪಕ್ಕ ಕ್ಯಾಚ್ ಹಿಡಿಯುವ ಜಾಗವಾದ ಸ್ಲಿಪ್ ಅಂದರೇನು ಅಂತಲೇ ಗೊತ್ತಿಲ್ಲ.

ಕೊನೆಗೆ, ಬ್ಯಾಟರ್ ಮತ್ತು ಬೌಲರ್ ಎದುರಾದಾಗ ಎರಡು ಅಂಕಿಗಳನ್ನು ಹೇಗೆ ಬೆರೆಸುತ್ತದೆ? ನಮ್ಮ ಪ್ರೋಗ್ರಾಂ ಹೀಗೆ ಮಾಡುತ್ತದೆ. ಸಾಧಾರಣ ಟೆಸ್ಟಿನಲ್ಲಿ 65 ಬಾಲಿಗೆ ಒಂದು ವಿಕೆಟ್ ಅಂತ ಇಟ್ಟುಕೊಂಡಿದ್ದೇವೆ. ದ್ರಾವಿಡ್ ಔಟಾಗಲು 123 ಬಾಲು ಬೇಕು. ವೆಸ್ಟ್ ಇಂಡೀಸಿನ ವೇಗಿ ಮಾಲ್ಕಮ್ ಮಾರ್ಷಲ್‌ಗೆ ಒಂದು ವಿಕೆಟ್ ಎತ್ತಲು ಬೇಕಾದದ್ದು ಸುಮಾರು 47. ಎರಡನ್ನೂ ಗುಣಿಸಿ 65ರಿಂದ ಭಾಗಿಸಿದರೆ ಹೆಚ್ಚುಕಡಿಮೆ 89. ಅಂದರೆ ಮಾರ್ಷಲ್ ಎದುರು ದ್ರಾವಿಡ್ ನಿಲ್ಲುವುದು ಸರಾಸರಿ 89 ಬಾಲು. ಕುಂಬ್ಳೆ ಅವರಿಗೆ ಒಂದು ವಿಕೆಟ್‌ಗೆ 66 ಬಾಲು ಬೇಕು, ಅವರ ಎದುರು ದ್ರಾವಿಡ್ ನಿಲ್ಲುವುದು 125. ಈ ಒಂದು ಗುಣಾಕಾರ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು.

ಹೆಜ್ಜೆ 2: ಸುಳ್ಳು ಹೇಳುವ ಸರಾಸರಿಗಳನ್ನು ಪತ್ತೆ ಮಾಡಿ

ಟೆಸ್ಟ್ ಇತಿಹಾಸದಲ್ಲಿ ಆಸ್ಟ್ರೇಲಿಯದ ಬ್ಯಾಟರ್ ಡಾನ್ ಬ್ರಾಡ್ಮನ್ ಸರಾಸರಿ 99.94. ಅದಕ್ಕಿಂತ ಜಾಸ್ತಿ ಸರಾಸರಿ ಇದ್ದವರು ಇದ್ದಾರೆಯೇ? ಇದ್ದಾರೆ. ವೆಸ್ಟ್ ಇಂಡೀಸಿನ ಆಂಡಿ ಗ್ಯಾಂಟೋಮ್. 1948ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್, ಒಂದೇ ಇನಿಂಗ್ಸ್, 112 ರನ್. ಆಮೇಲೆ ಅವರನ್ನು ಮತ್ತೆ ಕರೆಯಲಿಲ್ಲ. ಯಂತ್ರದ ಪ್ರಕಾರ ಅವರು ಬ್ರಾಡ್ಮನ್‌ಗಿಂತ ದೊಡ್ಡವರು. ಅದಕ್ಕೇ ಬಹುತೇಕ ಲೀಗ್‌ಗಳಲ್ಲಿ ಕನಿಷ್ಠ ಪಂದ್ಯಗಳ ನಿಯಮ ಇರುತ್ತದೆ. ಆ ಗೆರೆ ಎಲ್ಲಿದೆ ಅಂತ ನೋಡಿ, ಗೆರೆಯ ಆಚೆ ಸ್ವಲ್ಪದರಲ್ಲೇ ಯಾರಿದ್ದಾರೆ ಅಂತಲೂ ನೋಡಿ.

ಉದಾಹರಣೆಗೆ ಆಸ್ಟ್ರೇಲಿಯದ ಆಡಂ ವೋಜಸ್. 20 ಟೆಸ್ಟ್, 1485 ರನ್, ಸರಾಸರಿ 61.87. ಇದರಲ್ಲಿ 542 ರನ್ ವೆಸ್ಟ್ ಇಂಡೀಸ್ ವಿರುದ್ಧವೇ ಬಂದದ್ದು, ಅದೂ ಒಂದೇ ಸಲ ಔಟಾಗಿ. ಅದನ್ನು ತೆಗೆದರೆ ಉಳಿದ ಸರಾಸರಿ 41. ನಿಜವಾದ ಆಯ್ಕೆದಾರ ಇದನ್ನು ನೋಡಿ ಹುಬ್ಬೇರಿಸುತ್ತಾನೆ. ಯಂತ್ರ ಹುಬ್ಬೇರಿಸುವುದಿಲ್ಲ, ಅದಕ್ಕೆ ಹುಬ್ಬೇ ಇಲ್ಲ. ನಿಯಮ 20 ಟೆಸ್ಟ್ ಅಂತ ಇದ್ದರೆ ವೋಜಸ್ ಚಿನ್ನ. ಗೆರೆ ಇನ್ನೂ ಕೆಳಗಿದ್ದರೆ ವಿನೋದ್ ಕಾಂಬ್ಳಿ ಕೂಡ ಹಾಗೆಯೇ, 17 ಟೆಸ್ಟಿನಲ್ಲಿ 54.20.

ನಮ್ಮವರದೇ ಒಂದು ಕಥೆ ಇದೆ. ಮೊದಲ ಸೀಸನ್‌ನಲ್ಲಿ ನಮ್ಮಲ್ಲಿ ಕನಿಷ್ಠ ಪಂದ್ಯದ ನಿಯಮ ಇರಲಿಲ್ಲ. ಡೇಟಾ ಹಳೆಯದು, ಯಾರೋ ಎಂದೋ ಇಳಿಸಿಕೊಂಡ ಹಾಳೆ. ಮೈಸೂರಿನ ಗೆಳೆಯ ಬರೀ ಕನ್ನಡಿಗ ಅನ್ನುವ ಅಭಿಮಾನಕ್ಕೆ ಕರುಣ್ ನಾಯರ್ ಅವರನ್ನು ಎತ್ತಿದ. ನಾವೆಲ್ಲ ನಕ್ಕೆವು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಹೊಡೆದ ಔಟಾಗದ 303 ನಮಗೆಲ್ಲ ಗೊತ್ತು. ಆದರೆ ಉಳಿದ ಆರು ಇನಿಂಗ್ಸ್ ಸೇರಿ ಬಂದದ್ದು 71 ರನ್. 2025ರಲ್ಲಿ ಮತ್ತೆ ತಂಡಕ್ಕೆ ಬರುವ ಮುಂಚೆ ಅವರ ದಾಖಲೆ 6 ಟೆಸ್ಟ್, 374 ರನ್, ಸರಾಸರಿ 62.33. ಯಂತ್ರ ಓದಿದ್ದು ಆ 62.33 ಒಂದನ್ನೇ. ಕರುಣ್ ಆ ಸೀಸನ್ ಪೂರ್ತಿ ನಮ್ಮನ್ನು ಚಚ್ಚಿದರು. ಮೈಸೂರಿನವನಿಗೆ ತಾನು ಸರಿಯಾದ ಕೆಲಸವನ್ನು ತಪ್ಪು ಕಾರಣಕ್ಕೆ ಮಾಡಿದೆ ಅಂತ ಇವತ್ತಿಗೂ ಒಪ್ಪಿಸಲಾಗಿಲ್ಲ. ಮುಂದಿನ ವರ್ಷ 20 ಟೆಸ್ಟ್ ನಿಯಮ ಬಂತು.

ಬೌಲರ್‌ಗಳಲ್ಲಿ ಸುಳ್ಳು ಬೇರೆ ಬಗೆಯದು. ಅದು ಕಾಲದ ಸುಳ್ಳು. ಇಂಗ್ಲೆಂಡಿನ ಜಾರ್ಜ್ ಲೋಮನ್ 18 ಟೆಸ್ಟಿನಲ್ಲಿ 112 ವಿಕೆಟ್ ಎತ್ತಿದರು, ಸರಾಸರಿ 10.75 (ಬೌಲರ್‌ಗೆ ಸರಾಸರಿ ಅಂದರೆ ಒಂದು ವಿಕೆಟ್‌ಗೆ ಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು). ಆಗ ಪಿಚ್ ಮೇಲೆ ಹೊದಿಕೆ ಇರಲಿಲ್ಲ, ಮಳೆ ಬಿದ್ದ ಪಿಚ್ಚಿನಲ್ಲೇ ಆಡಬೇಕಿತ್ತು. 1895-96ರ ಪ್ರವಾಸದಲ್ಲಿ ಆಗಿನ್ನೂ ಕಣ್ಣು ಬಿಡುತ್ತಿದ್ದ ದಕ್ಷಿಣ ಆಫ್ರಿಕಾ ತಂಡದ ವಿರುದ್ಧ ಮೂರೇ ಟೆಸ್ಟಿನಲ್ಲಿ 35 ವಿಕೆಟ್ ಬಂದಿದ್ದವು. ಯಂತ್ರ ಕಾಲ ಸರಿಪಡಿಸದಿದ್ದರೆ ಲೋಮನ್ ಎದುರು ಸಚಿನ್ ತೆಂಡೂಲ್ಕರ್ ಕೂಡ ಬಾಲಂಗೋಚಿಯೇ, ಅಂದರೆ ಬ್ಯಾಟಿಂಗ್ ಬಾರದೆ ಕೊನೆಗೆ ಇಳಿಯುವವರೇ. 27 ಟೆಸ್ಟಿನಲ್ಲಿ 16.43 ಸರಾಸರಿಯ ಸಿಡ್ನಿ ಬಾರ್ನ್ಸ್ ಅವರದೂ ಇದೇ ಕಥೆ, ಆದರೆ ಅವರು 189 ವಿಕೆಟ್ ಎತ್ತಿದ್ದಾರೆ, 20 ಪಂದ್ಯದ ನಿಯಮವನ್ನೂ ದಾಟುತ್ತಾರೆ. ನಿಮ್ಮ ಲೀಗ್ ಕಚ್ಚಾ ಅಂಕಿ ಓದುವುದಾದರೆ ಬಾರ್ನ್ಸ್ ಅವರನ್ನು ಮೊದಲ ಮೂರು ಸುತ್ತಿನಲ್ಲೇ ಎತ್ತಿ. ನಾಚಿಕೆ ಬೇಡ.

ಹೆಜ್ಜೆ 3: ಬ್ಯಾಟರ್‌ನನ್ನು ಎರಡು ಅಂಕಿಯಲ್ಲಿ ಅಳೆಯಿರಿ

ಸರಾಸರಿಯನ್ನು ಸ್ಟ್ರೈಕ್ ರೇಟಿನಿಂದ ಭಾಗಿಸಿ 100ರಿಂದ ಗುಣಿಸಿ. ಒಬ್ಬ ಬ್ಯಾಟರ್ ಒಂದು ಸಲ ಔಟಾಗುವ ತನಕ ಎಷ್ಟು ಬಾಲು ಆಡುತ್ತಾನೆ ಅಂತ ಸಿಗುತ್ತದೆ. ದ್ರಾವಿಡ್ 52.31, ಸ್ಟ್ರೈಕ್ ರೇಟ್ 42.51, ಅಂದರೆ 123 ಬಾಲು. ಸೆಹ್ವಾಗ್ 49.34, ಸ್ಟ್ರೈಕ್ ರೇಟ್ 82.23, ಅಂದರೆ 60 ಬಾಲು. ರನ್ ಹೆಚ್ಚುಕಡಿಮೆ ಒಂದೇ, ಹಿಡಿಯುವ ಹೊತ್ತು ಅರ್ಧ.

ಯಾರು ಉತ್ತಮ? ಅದು ನಿಮ್ಮ ಬೌಲಿಂಗ್ ನೋಡಿ ಹೇಳಬೇಕು. ಐದು ದಿನ, ದಿನಕ್ಕೆ 90 ಓವರ್, ಒಟ್ಟು 450 ಓವರ್. ನಿಮ್ಮ ಬೌಲರ್‌ಗಳು ಬೇಗ ಬೇಗ ವಿಕೆಟ್ ಎತ್ತುವವರಾದರೆ ಹೊತ್ತು ಬೇಕಾದಷ್ಟು ಉಳಿಯುತ್ತದೆ, ದ್ರಾವಿಡ್ ಆರಾಮಾಗಿ ಆಡಲಿ. ಎದುರಾಳಿ ಬೌಲರ್‌ಗಳು ಸುಸ್ತಾಗುವ ಸಿಮ್ಯುಲೇಟರ್ ಆದರೆ ಅವರ ಬೆಲೆ ಇನ್ನೂ ಜಾಸ್ತಿ. ಬೌಲಿಂಗ್ ನಿಧಾನವಾದರೆ ಸೆಹ್ವಾಗ್ ಬೇಕು, ಇಲ್ಲದಿದ್ದರೆ ಸೀಸನ್ ತುಂಬ ಡ್ರಾ ನೋಡುತ್ತಾ ಕೂರಬೇಕು. ಮೂರು ಅಂಕದ ಮುಂದೆ ಡ್ರಾದ ಒಂದು ಅಂಕ ಯಾವ ಲೆಕ್ಕ? ನನ್ನ ಮೊದಲ ದೋಸೆ ಬಿಲ್ ಬಂದದ್ದೇ ಹಾಗೆ. ದ್ರಾವಿಡ್ ಥರ ನಿಂತು ಆಡುವ ಆರು ಗೋಡೆ ಕಟ್ಟಿಕೊಂಡೆ, ಗೆಲ್ಲಿಸುವವರು ಯಾರೂ ಇರಲಿಲ್ಲ.

ಏಕದಿನ ಲೀಗಿನಲ್ಲಿ ಸರಾಸರಿ ಇನ್ನೊಂದು ಥರ ಮೋಸ ಮಾಡುತ್ತದೆ. ಮೈಕೆಲ್ ಬೆವನ್ ಸರಾಸರಿ 53.58. ಆದರೆ 196 ಇನಿಂಗ್ಸ್‌ನಲ್ಲಿ 67 ಸಲ ಅವರು ಔಟಾಗದೆ ಉಳಿದವರು. ಅವರನ್ನು ಓಪನಿಂಗ್ ಕಳಿಸಿದರೆ ಯಂತ್ರ 74ರ ಸ್ಟ್ರೈಕ್ ರೇಟಿನಲ್ಲಿ 72 ಬಾಲು ನುಂಗುತ್ತದೆ, ಇದ್ದ 300 ಬಾಲಿನಲ್ಲಿ! ಸೀಮಿತ ಓವರ್ ಆಟದಲ್ಲಿ ಬಾಲೇ ದುಡ್ಡು. ಟೆಸ್ಟಿನಲ್ಲಿ ಅಷ್ಟು ಜಿಪುಣತನ ಬೇಕಿಲ್ಲ.

ಹೆಜ್ಜೆ 4: ಬೌಲರ್‌ಗಳು, ಅಂದರೆ ಲೀಗ್ ಗೆಲ್ಲಿಸುವವರು

ಟೆಸ್ಟ್ ಗೆಲ್ಲಲು 20 ವಿಕೆಟ್ ಬೇಕು, ಅದರಲ್ಲಿ ಮಾತಿಲ್ಲ. ನಾಲ್ಕೂ ಬೌಲರ್‌ಗಳಿಗೆ ಸರಾಸರಿ 66 ಬಾಲಿಗೊಂದು ವಿಕೆಟ್ ಅಂದುಕೊಳ್ಳಿ. 20 ವಿಕೆಟ್‌ಗೆ 220 ಓವರ್. ಎದುರಾಳಿಯೂ ಹಾಗೆಯೇ ಇದ್ದರೆ ಎರಡೂ ಸೇರಿ 440 ಓವರ್. ಇರುವುದು 450. ಅಂದರೆ ಅರ್ಧಕ್ಕರ್ಧ ಪಂದ್ಯ ಡ್ರಾ ಆದರೂ ಆಶ್ಚರ್ಯವಿಲ್ಲ. 47 ಬಾಲಿಗೊಂದು ವಿಕೆಟ್ ಆದರೆ 20 ವಿಕೆಟ್‌ಗೆ 157 ಓವರ್ ಸಾಕು.

ಹಾಗಾಗಿ ಬೌಲಿಂಗ್ ಸರಾಸರಿ ಒಂದನ್ನೇ ನೋಡಬೇಡಿ. ಆಸ್ಟ್ರೇಲಿಯದ ಅಲನ್ ಡೇವಿಡ್ಸನ್ ಸರಾಸರಿ 20.53, ಮಾರ್ಷಲ್ ಸರಾಸರಿ 20.94. ಕಾಗದದಲ್ಲಿ ಡೇವಿಡ್ಸನ್ ಒಂದು ಕೂದಲು ಮುಂದೆ. ಆದರೆ ಡೇವಿಡ್ಸನ್‌ಗೆ ಒಂದು ವಿಕೆಟ್‌ಗೆ 62 ಬಾಲು ಬೇಕು, ಮಾರ್ಷಲ್‌ಗೆ 47. ಡೇವಿಡ್ಸನ್ ರನ್ ಕೊಡದೆ ಕಟ್ಟಿಹಾಕುತ್ತಾರೆ, ಮಾರ್ಷಲ್ ಕಿತ್ತು ಹಾಕುತ್ತಾರೆ. ಗೆಲುವಿಗೆ ಮೂರು ಅಂಕ ಇರುವ ಕಡೆ ನನಗೆ ಮಾರ್ಷಲ್. ಡೇಲ್ ಸ್ಟೇನ್ ಇನ್ನೂ ಬೇಗ, 42 ಬಾಲಿಗೊಂದು. ವಕಾರ್ ಯೂನಿಸ್ 43. ಇಬ್ಬರೂ ಓವರಿಗೆ ಮೂರಕ್ಕಿಂತ ಜಾಸ್ತಿ ರನ್ ಕೊಡುತ್ತಾರೆ, ಕೊಡಲಿ ಬಿಡಿ.

ಈಗ ಕನ್ನಡಿಗರಿಗೆ ಒಂದು ಮಜಾ ಲೆಕ್ಕ. ಬಿ.ಎಸ್. ಚಂದ್ರಶೇಖರ್ 242 ವಿಕೆಟ್, ಸರಾಸರಿ 29.74, ಸುಮಾರು 66 ಬಾಲಿಗೊಂದು ವಿಕೆಟ್. ಅನಿಲ್ ಕುಂಬ್ಳೆ 619 ವಿಕೆಟ್, ಸರಾಸರಿ 29.65, ಸುಮಾರು 66 ಬಾಲಿಗೊಂದು ವಿಕೆಟ್. ಯಂತ್ರದ ಕಣ್ಣಿಗೆ ಇಬ್ಬರೂ ಅವಳಿ ಮಕ್ಕಳು! ಪೋಲಿಯೊ ತಾಕಿದ ಕೈಯಿಂದ ಚಾಟಿಯಂತೆ ಬರುತ್ತಿದ್ದ ಚಂದ್ರ ಅವರ ಗೂಗ್ಲಿ, ಎತ್ತರದಿಂದ ಬಿದ್ದು ಸರ್ರನೆ ಒಳನುಗ್ಗುತ್ತಿದ್ದ ಕುಂಬ್ಳೆ ಅವರ ಫ್ಲಿಪ್ಪರ್, ಎರಡೂ ಅಲ್ಲಿ ಒಂದೇ ಪುಸ್ತಕದ ಎರಡು ಪ್ರತಿ. ಹಾಗಾದರೆ ಯಾರನ್ನು ಎತ್ತಬೇಕು? ಬ್ಯಾಟಿಂಗ್ ನೋಡಿ. ಕುಂಬ್ಳೆ ಸರಾಸರಿ 17.77, 2007ರಲ್ಲಿ ಓವಲ್‌ನಲ್ಲಿ ಔಟಾಗದೆ 110 ಹೊಡೆದವರು. ಚಂದ್ರ ಇಡೀ ವೃತ್ತಿಯಲ್ಲಿ ಹೊಡೆದದ್ದು 167 ರನ್, ಎತ್ತಿದ ವಿಕೆಟ್‌ಗಿಂತ ಕಡಿಮೆ, ಸರಾಸರಿ 4.07. ಪ್ರತಿ ಇನಿಂಗ್ಸ್‌ಗೆ ಸುಮಾರು 14 ರನ್ ವ್ಯತ್ಯಾಸ. ಕುಂಬ್ಳೆ. ಚಂದ್ರ ಅಭಿಮಾನಿಗಳು ಕ್ಷಮಿಸಬೇಕು, ನಾನೂ ಅವರಲ್ಲೊಬ್ಬ.

ಬಾಲಂಗೋಚಿಗಳ ರನ್ ಸಣ್ಣ ವಿಷಯ ಅಂತ ಬಿಡಬೇಡಿ. ಗ್ಲೆನ್ ಮೆಕ್‌ಗ್ರಾ 7.36, ಚಂದ್ರ 4.07, ಇಬ್ಬರೂ ಸೇರಿ ಇನಿಂಗ್ಸ್‌ಗೆ ಹನ್ನೊಂದು ಚಿಲ್ಲರೆ ರನ್. ಅದೇ ಜಾಗದಲ್ಲಿ ಬ್ಯಾಟ್ ಬೀಸುವ ಬೌಲರ್‌ಗಳಾದ ಇಮ್ರಾನ್ ಖಾನ್ 37.69, ರಿಚರ್ಡ್ ಹ್ಯಾಡ್ಲಿ 27.16 ಇದ್ದರೆ 65ರ ಹತ್ತಿರ. ಒಂದು ಪಂದ್ಯದಲ್ಲಿ ಹೆಚ್ಚುಕಡಿಮೆ ನೂರು ರನ್ ಅಂತರ. ಅದು ಒಬ್ಬ ಬ್ರಾಡ್ಮನ್ ತರುವ ಲಾಭಕ್ಕೆ ಸಮ.

ಹೆಜ್ಜೆ 5: ಒಂದು ಹಾಳೆಯಲ್ಲಿ ಎಲ್ಲರಿಗೂ ಬೆಲೆ ಕಟ್ಟಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಂಟು ತಂಡ ಇದ್ದರೆ ಸುಮಾರು 48 ಬ್ಯಾಟರ್‌ಗಳು ಖರ್ಚಾಗುತ್ತಾರೆ. ಕೊನೆ ಸುತ್ತಿನಲ್ಲೂ 48ರ ಆಸುಪಾಸಿನ ಸರಾಸರಿಯವರು ಸಿಗುತ್ತಾರೆ. ಹಾಗಾಗಿ 48 ಅನ್ನುವುದು ಸೊನ್ನೆ ಗೆರೆ. ಪುಕ್ಕಟೆ ಸಿಗುವುದಕ್ಕೆ ಬೆಲೆ ಯಾಕೆ ಕೊಡಬೇಕು? ಬೌಲರ್‌ಗಳಿಗೆ ನಾನು ಇಡುವ ಗೆರೆ 26, ಕೀಪರ್‌ಗೆ 32, ಎಂಟರಿಂದ ಹನ್ನೊಂದನೇ ಕ್ರಮಾಂಕದವರ ಬ್ಯಾಟಿಂಗಿಗೆ 15. ನಿಮ್ಮ ಲೀಗಿನಲ್ಲಿ ತಂಡಗಳು ಕಡಿಮೆ ಇದ್ದರೆ ಗೆರೆ ಮೇಲೇರುತ್ತದೆ, ಜಾಸ್ತಿ ಇದ್ದರೆ ಇಳಿಯುತ್ತದೆ.

ಲೆಕ್ಕ ಹೀಗೆ. ಬ್ಯಾಟರ್: ಸರಾಸರಿಯಿಂದ 48 ಕಳೆದು ಎರಡು ಇನಿಂಗ್ಸ್‌ಗೆ ಎರಡರಿಂದ ಗುಣಿಸಿ. ಬೌಲರ್: 26ರಿಂದ ಅವನ ಸರಾಸರಿ ಕಳೆದು ಐದರಿಂದ ಗುಣಿಸಿ, ಯಾಕೆಂದರೆ ನಾಲ್ವರಲ್ಲಿ ಒಬ್ಬೊಬ್ಬರಿಗೆ ಐದು ವಿಕೆಟ್ ಪಾಲು. ಬೌಲರ್‌ನ ಬ್ಯಾಟಿಂಗಿಗೆ 48ರ ಬದಲು 15 ಕಳೆದು ಎರಡರಿಂದ ಗುಣಿಸಿ ಕೂಡಿಸಿ. ನಾಟ್‌ಔಟ್ ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ಒರಟು. ಆದರೆ ಹೋಲಿಕೆಗೆ ಸಾಕು.

ತೆಂಡೂಲ್ಕರ್ 53.78: ಪಂದ್ಯಕ್ಕೆ ಸುಮಾರು 12 ರನ್ ಲಾಭ. ಅಷ್ಟೇ. ಬ್ರಾಡ್ಮನ್: 104. ಮಾರ್ಷಲ್: ಬೌಲಿಂಗಿನಿಂದ 25, ಬ್ಯಾಟಿಂಗ್ ಸರಾಸರಿ 18.85 ಆದ್ದರಿಂದ ಇನ್ನೊಂದು 8, ಒಟ್ಟು 33. ಹ್ಯಾಡ್ಲಿ: ಬೌಲಿಂಗ್ ಸರಾಸರಿ 22.29, ಒಟ್ಟು 43ರ ಹತ್ತಿರ. ಇಮ್ರಾನ್: ಬೌಲಿಂಗ್ 22.81ರಿಂದ 16, ಬ್ಯಾಟಿಂಗಿನಿಂದ 45, ಒಟ್ಟು 60ರ ಮೇಲೆ. ಆರ್. ಅಶ್ವಿನ್: ಬೌಲಿಂಗ್ 24.00, ಬ್ಯಾಟಿಂಗ್ 25.75, ಒಟ್ಟು 31. ಹೌದು, ಯಂತ್ರದ ಲೆಕ್ಕದಲ್ಲಿ ಒಬ್ಬ ಅಶ್ವಿನ್ ಎರಡು ತೆಂಡೂಲ್ಕರ್‌ಗಿಂತ ಜಾಸ್ತಿ. ಇದನ್ನು ಯಾವುದಾದರೂ ಮದುವೆ ಮನೆಯಲ್ಲಿ ಜೋರಾಗಿ ಹೇಳಬೇಡಿ.

ಈಗ ತಲೆಬರಹದ ಪ್ರಶ್ನೆ. ಮೊದಲ ಸರದಿ ನಿಮ್ಮದಾದರೆ ಬ್ರಾಡ್ಮನ್, ಯೋಚನೆಯೇ ಬೇಡ. ಅವರು ಹೋಗಿಬಿಟ್ಟಿದ್ದರೆ ಹೆಚ್ಚಿನವರು ವೆಸ್ಟ್ ಇಂಡೀಸಿನ ಆಲ್‌ರೌಂಡರ್ ಗ್ಯಾರಿ ಸೋಬರ್ಸ್ ಹೆಸರು ಹೇಳುತ್ತಾರೆ. ನಾನು ಇಮ್ರಾನ್ ಅನ್ನುತ್ತೇನೆ. ಸೋಬರ್ಸ್ 57.78ರ ಬ್ಯಾಟಿಂಗ್ 20 ರನ್ ಲಾಭ ಕೊಡುತ್ತದೆ. ಆದರೆ 34.03ರ ಬೌಲಿಂಗ್ ಸರಾಸರಿ ನಾಲ್ವರು ಮುಖ್ಯ ಬೌಲರ್‌ಗಳ ಸಾಲಿಗೆ ಬರುವುದಿಲ್ಲ. ಅವರು ಐದನೇ ಬೌಲರ್. ನಿಜ ಜೀವನದಲ್ಲಿ ಮೂರು ಬಗೆಯಲ್ಲಿ ಬೌಲ್ ಮಾಡುತ್ತಿದ್ದ ಅದ್ಭುತ ಅವರು, ಯಂತ್ರಕ್ಕೆ ಆ ಮೂರೂ ಒಂದೇ ಅಂಕಿ. ಬೌಲರ್‌ಗಳು ಸುಸ್ತಾಗುವ ಲೀಗಿನಲ್ಲಿ ಮಾತ್ರ ಸೋಬರ್ಸ್ ಮತ್ತು ಜಾಕ್ ಕ್ಯಾಲಿಸ್ ಬೆಲೆ ಏರುತ್ತದೆ.

ಹೆಜ್ಜೆ 6: ಕೀಪರ್

ಬ್ಯಾಟ್ ಬೀಸುವ ಕೀಪರ್‌ಗಳು ಕೈಬೆರಳೆಣಿಕೆ, ಆದ್ದರಿಂದ ತಡ ಮಾಡಿದರೆ ಕೆಟ್ಟಿರಿ. ಆಂಡಿ ಫ್ಲವರ್ 51.54, ಆಡಂ ಗಿಲ್‌ಕ್ರಿಸ್ಟ್ 47.60, ಧೋನಿ 38.09. ಹೆಸರು ಕೇಳಿ ಎಲ್ಲರೂ ಗಿಲ್‌ಕ್ರಿಸ್ಟ್ ಕಡೆ ಓಡುತ್ತಾರೆ, ಫ್ಲವರ್ ಎರಡು ಸುತ್ತು ಆಮೇಲೂ ಉಳಿದಿರುತ್ತಾರೆ. ಗಿಲ್‌ಕ್ರಿಸ್ಟ್ 58 ಬಾಲಿನಲ್ಲಿ ಆ ರನ್ ತರುತ್ತಾರೆ ಅನ್ನುವುದು ನಿಧಾನ ಬೌಲಿಂಗ್ ಇದ್ದವರಿಗೆ ದೊಡ್ಡ ಲಾಭ, ಒಪ್ಪುತ್ತೇನೆ.

ಕುಮಾರ ಸಂಗಕ್ಕಾರ ವಿಷಯದಲ್ಲಿ ಮಾತ್ರ ಹುಷಾರು. ಒಟ್ಟು ಸರಾಸರಿ 57.40. ಆದರೆ ಕೀಪಿಂಗ್ ಮಾಡಿದ ಟೆಸ್ಟ್‌ಗಳಲ್ಲಿ ಅದು 40ರ ಆಸುಪಾಸು, ಗ್ಲೌಸ್ ಬಿಚ್ಚಿಟ್ಟ ಟೆಸ್ಟ್‌ಗಳಲ್ಲಿ 66ರ ಮೇಲೆ. ಯಂತ್ರ ಒಟ್ಟು ಸರಾಸರಿ ಓದುವುದಾದರೆ ಅವರಷ್ಟು ಒಳ್ಳೆಯ ಕೀಪರ್ ಇಲ್ಲ. ಬೇರೆ ಬೇರೆ ಓದುವುದಾದರೆ ಅವರನ್ನು ಬರೀ ಬ್ಯಾಟರ್ ಆಗಿ ಎತ್ತಿ, ಬ್ರಾಡ್ಮನ್ ಬಿಟ್ಟರೆ ಅಂಥ ಅಂಕಿ ಸಿಗುವುದಿಲ್ಲ. ಒಂದನೇ ಹೆಜ್ಜೆಯಲ್ಲಿ ಕೀಪರ್ ಪ್ರಶ್ನೆ ಕೇಳಿ ಅಂದದ್ದು ಇದಕ್ಕೇ. ಏಕದಿನ ಲೀಗ್ ಆಡುವವರು ದ್ರಾವಿಡ್ ಅವರನ್ನು ಕೀಪರ್ ಪಟ್ಟಿಯಲ್ಲೂ ಹುಡುಕಿ. 2003ರ ವಿಶ್ವಕಪ್‌ನಲ್ಲಿ ವಿಕೆಟ್ ಹಿಂದೆ ನಿಂತಿದ್ದು ಅವರೇ.

ಹೆಜ್ಜೆ 7: ಡ್ರಾಫ್ಟ್ ರಾತ್ರಿ

ಸರದಿ ಹಾವಿನ ಹಾಗೆ ಹೋಗುತ್ತದೆ. ಮೊದಲ ಸುತ್ತು 1ರಿಂದ 8, ಎರಡನೆಯದು 8ರಿಂದ 1. ಎಂಟನೆಯವನಿಗೆ ಬ್ರಾಡ್ಮನ್ ಸಿಗುವುದಿಲ್ಲ, ಆದರೆ ಬೆನ್ನುಬೆನ್ನಿಗೆ ಇಬ್ಬರು ಸಿಗುತ್ತಾರೆ. ಇಮ್ರಾನ್, ಹ್ಯಾಡ್ಲಿ ಜೋಡಿ ಹಾಗೆ ನನ್ನ ಕೈಗೆ ಬಂದಿದೆ, ಯಾಕೆಂದರೆ ಮುಂದಿದ್ದ ಏಳು ಜನರಲ್ಲಿ ಐವರು ಬ್ಯಾಟರ್‌ಗಳನ್ನೇ ಎತ್ತಿದ್ದರು.

ನನ್ನ ಕ್ರಮ ಇದು. ಮೊದಲ ನಾಲ್ಕು ಸುತ್ತಿನಲ್ಲಿ ಬ್ಯಾಟ್ ಬೀಸುವ ಬೌಲರ್‌ಗಳು ಮತ್ತು ಕೀಪರ್. ಐದು, ಆರನೇ ಸುತ್ತಿನಲ್ಲಿ ಉಳಿದ ಬೌಲರ್‌ಗಳು. ಓಪನರ್ ಅಲ್ಲದವರನ್ನು ಓಪನಿಂಗ್ ಇಳಿಸಿದರೆ ದಂಡ ಇರುವ ಲೀಗಿನಲ್ಲಿ ಇಲ್ಲೇ ಒಬ್ಬ ಓಪನರ್‌ನನ್ನೂ ಹಿಡಿದುಕೊಳ್ಳಿ. ಹರ್ಬರ್ಟ್ ಸಟ್‌ಕ್ಲಿಫ್ 60.73, ಹಾಬ್ಸ್ 56.94, ಲೆನ್ ಹಟನ್ 56.67, ಗವಾಸ್ಕರ್ 51.12. ಮಧ್ಯಮ ಕ್ರಮಾಂಕ ಕೊನೆಗೆ. ಅಲ್ಲಿ ಐವತ್ತರ ಮೇಲಿನವರು ಸಂತೆಯಲ್ಲಿ ಟೊಮೆಟೊ ರಾಶಿ ಬಿದ್ದ ಹಾಗೆ ಬಿದ್ದಿರುತ್ತಾರೆ.

ಎದುರಾಳಿಯ ಹೃದಯವನ್ನೂ ಓದಬೇಕು. ಕನ್ನಡಿಗರ ಲೀಗಿನಲ್ಲಿ ದ್ರಾವಿಡ್ ಎಂದೂ ಐದನೇ ಸುತ್ತಿನ ತನಕ ಉಳಿಯುವುದಿಲ್ಲ, ಕುಂಬ್ಳೆಯೂ ಇಲ್ಲ. ಅವರನ್ನು ಯಾರೋ ಎರಡನೇ ಸುತ್ತಿನಲ್ಲಿ ಎತ್ತುತ್ತಾರೆ. ಎತ್ತಲಿ. ಅದೇ ಹೊತ್ತಿಗೆ ವೆಸ್ಟ್ ಇಂಡೀಸಿನ ವೇಗಿ ಕರ್ಟ್ಲಿ ಆಂಬ್ರೋಸ್ 20.99ರ ಸರಾಸರಿ ಇಟ್ಟುಕೊಂಡು ಸುಮ್ನೆ ಕೂತಿರುತ್ತಾರೆ.

ಯಾರನ್ನು ಎತ್ತಲಿ ಅಂತ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಕೇಳಬೇಡಿ. ಹಾಗೆ ಕೇಳಿ ಒಮ್ಮೆ ಮಾರ್ಷಲ್ ಅವರನ್ನು ಕಳೆದುಕೊಂಡಿದ್ದೇನೆ.

ಹೆಜ್ಜೆ 8: ಹನ್ನೊಂದು ಜನರನ್ನು ಜೋಡಿಸುವುದು

ನಾಲ್ಕು ಬೌಲರ್‌ಗಳಿಗೆ ದಿನದ 90 ಓವರ್ ಹಂಚಿದರೆ ಒಬ್ಬರಿಗೆ ಇಪ್ಪತ್ತೆರಡೂವರೆ. ನಮ್ಮ ಪ್ರೋಗ್ರಾಂನಲ್ಲಿ ವೇಗದ ಬೌಲರ್ ದಿನಕ್ಕೆ 20 ಓವರ್ ದಾಟಿದರೆ ಮೊನಚು ಕಳೆದುಕೊಳ್ಳುತ್ತಾನೆ, ಸ್ಪಿನ್ನರ್‌ಗೆ ಆ ತೊಂದರೆ ಇಲ್ಲ. ಹಾಗಾಗಿ ಮೂವರು ವೇಗಿಗಳು, ಒಬ್ಬ ಮುರಳೀಧರನ್ ಥರದವರು, ದಿನಕ್ಕೆ ಎಂಟು ಹತ್ತು ಓವರ್ ಹಾಕುವ ಒಬ್ಬ ಆಲ್‌ರೌಂಡರ್ ಬೇಕಾಗುತ್ತದೆ. 800 ವಿಕೆಟ್, 55 ಬಾಲಿಗೊಂದು, ಓವರಿಗೆ ಎರಡೂವರೆ ರನ್ನಿಗಿಂತ ಕಡಿಮೆ: ಒಂದು ತುದಿ ಮುರಳಿಗೆ ಬರೆದುಕೊಟ್ಟು ನಿದ್ದೆ ಮಾಡಬಹುದು. ಸುಸ್ತೇ ಇಲ್ಲದ ಲೀಗಿನಲ್ಲಿ ಸ್ಪಿನ್ನರ್ ಇರಲೇಬೇಕು ಅನ್ನುವ ಶಾಸ್ತ್ರ ಬಿಡಿ, ನಾಲ್ವರೂ ವೇಗಿಗಳಾಗಲಿ.

ಬ್ಯಾಟಿಂಗ್ ಕ್ರಮದಲ್ಲಿ ದಂಡ ಇಲ್ಲದಿದ್ದರೆ ಅತಿ ಹೆಚ್ಚು ಸರಾಸರಿಯವನನ್ನು ಮೇಲೆ ಕಳಿಸಿ, ಅವನು ಜೊತೆಗಾರರಿಲ್ಲದೆ ನಾಟ್‌ಔಟ್ ಉಳಿಯುವುದು ತಪ್ಪುತ್ತದೆ.

ಹೆಜ್ಜೆ 9: ಸಾವಿರ ಸಲ ಆಡಿಸಿ ನೋಡಿ

ಸಿಮ್ಯುಲೇಟರ್ ನಿಮ್ಮ ಕೈಗೆ ಸಿಕ್ಕರೆ ಒಂದೆರಡು ಪಂದ್ಯ ಆಡಿಸಿ ತೀರ್ಮಾನಕ್ಕೆ ಬರಬೇಡಿ. ಸೆಹ್ವಾಗ್ ಮೊದಲ ಬಾಲಿಗೇ ಔಟಾದರು ಅಂತ ನಾನು ಅವರನ್ನು ಕೈಬಿಟ್ಟದ್ದಿದೆ. ಒಬ್ಬನನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು, ಎರಡೂ ತಂಡಗಳನ್ನು ಒಂದೇ ಎದುರಾಳಿಯ ಜೊತೆ ಸಾವಿರ ಸಲ ಆಡಿಸಿ. ಗೆಲುವಿನ ಸಂಖ್ಯೆಯಲ್ಲಿ ಇಪ್ಪತ್ತು ಮೂವತ್ತರ ವ್ಯತ್ಯಾಸ ಬಂದರೆ ಅದು ಬರೀ ಗಾಳಿ. ನೂರರ ವ್ಯತ್ಯಾಸ ಬಂದರೆ ಬದಲಿಸಿ.

ಸೀಸನ್ ನಡುವೆಯೂ ಇದು ನೆನಪಿರಲಿ. ಪ್ರತಿ ಪಂದ್ಯದಲ್ಲೂ 60 ಶೇಕಡಾ ಗೆಲ್ಲುವ ಬಲ ಇರುವ ತಂಡ ಅಂದುಕೊಳ್ಳಿ. ಡ್ರಾಗಳನ್ನು ಬಿಟ್ಟು ಲೆಕ್ಕ ಹಾಕಿದರೆ, 14 ಪಂದ್ಯದಲ್ಲಿ ಅದು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಆಗುವ ಸಾಧ್ಯತೆ 15 ಶೇಕಡಾ. ಹೆಚ್ಚುಕಡಿಮೆ ಏಳು ಸೀಸನ್‌ಗೆ ಒಂದು ಸಲ. ಮೂರು ಪಂದ್ಯ ಸೋತ ಕೂಡಲೇ ಮಾರ್ಷಲ್ ಫಾರ್ಮ್‌ನಲ್ಲಿಲ್ಲ ಅಂತ ಕೂರಿಸುವವರಿದ್ದಾರೆ. ಯಂತ್ರದೊಳಗೆ ಫಾರ್ಮ್ ಅನ್ನುವುದೇ ಇಲ್ಲ. ಪುಸ್ತಕ ಅದೇ, ಪುಟ ಬೇರೆ ತೆರೆದಿದೆ.

ಹೆಜ್ಜೆ 10: ಹನ್ನೆರಡನೆಯ ಹೆಸರು

ಹನ್ನೆರಡನೇ ಆಟಗಾರನಿಗೆ ನಮ್ಮ ಲೀಗಿನಲ್ಲಿ ಕೆಲಸ ಕಡಿಮೆ. ಗಾಯದ ನಿಯಮ ಇರುವ ಕಡೆ ಅಲ್ಲೊಬ್ಬ ಬೌಲರ್‌ನನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಆ ಜಾಗ ಪೂರ್ತಿ ನಿಮ್ಮ ಇಷ್ಟಕ್ಕೆ. ನಾನು ಪ್ರತಿ ವರ್ಷ ಅಲ್ಲಿ ಜಿ.ಆರ್. ವಿಶ್ವನಾಥ್ ಅವರನ್ನು ಇಡುತ್ತೇನೆ. 6080 ರನ್, ಸರಾಸರಿ 41.93. ಹಾಳೆಯ ಲೆಕ್ಕದಲ್ಲಿ ಸೊನ್ನೆ ಗೆರೆಗಿಂತ ಆರು ಕೆಳಗೆ. ಅವರ ಸ್ಕ್ವೇರ್ ಕಟ್‌ಗೆ ಯಂತ್ರದಲ್ಲಿ ಕಾಲಂ ಇಲ್ಲ. ಕೊನೆ ಸುತ್ತಿನ ತನಕ ಯಾರೂ ಮುಟ್ಟುವುದಿಲ್ಲ ಅಂತ ಧೈರ್ಯವಾಗಿದ್ದೆ. ಈ ಸಲ ಹುಬ್ಬಳ್ಳಿಯವನು ಆರನೇ ಸುತ್ತಿನಲ್ಲೇ ಎತ್ತಿಬಿಟ್ಟ, ಆಂಬ್ರೋಸ್ ಇನ್ನೂ ಉಳಿದಿದ್ದಾಗ. ಎಂಥಾ ದಡ್ಡ ನೀನು ಅಂತ ಬರೆಯಲು ಫೋನ್ ಕೈಗೆ ತೆಗೆದುಕೊಂಡೆ. ಆಮೇಲೆ ಸುಮ್ನೆ ಆಂಬ್ರೋಸ್ ಹೆಸರು ಟೈಪ್ ಮಾಡಿ ಕಳಿಸಿದೆ.